ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನಿಜವಾದ ದೂರವೆಷ್ಟು, ಹಾರಾಟ ಎಷ್ಟು ಗಂಟೆ?

ಪ್ರಶ್ನೆ

ಅಕ್ಕನ ಬಾಣಂತನಕ್ಕೆಂದು ನಮ್ಮ ತಾಯಿಯವರು ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಡಲಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಎಷ್ಟು ಗಂಟೆ ಕುಳಿತೇ ಇರಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕಾಗಿದೆ. ದೂರ ಸುಮಾರು 14,000 ಕಿ.ಮೀ. ಎಂದು ಒಂದೆಡೆ ಓದಿದೆ. 2021ರಲ್ಲಿ ಮೊದಲ ನೇರ ವಿಮಾನ ಬಂದಾಗ ಪತ್ರಿಕೆಗಳಲ್ಲಿ 16,000 ಕಿ.ಮೀ. ಎಂದಿತ್ತು. ಯಾವುದನ್ನು ನಂಬಬೇಕು? ದಯವಿಟ್ಟು ತಿಳಿಸಿ.

ಉತ್ತರ 1

ಎರಡೂ ಸರಿಯೇ, ಅಳೆದಿರುವ ದಾರಿಗಳು ಬೇರೆ. ಗೋಳದ ಮೇಲೆ ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದು ಅಳೆದರೆ 13,990 ಕಿ.ಮೀ. ಆಸುಪಾಸು ಬರುತ್ತದೆ. ಗೋಡೆಯ ಭೂಪಟವನ್ನು ನೋಡಿದವರಿಗೆ ಪೆಸಿಫಿಕ್ ಸಾಗರವನ್ನು ಅಡ್ಡಲಾಗಿ ದಾಟಬೇಕೆಂದು ತೋರುತ್ತದೆ, ಆದರೆ ಆ ದಾರವು ಚೀನಾ ಮತ್ತು ಪೂರ್ವ ಸೈಬೀರಿಯಾದ ಮೇಲೆ ಉತ್ತರಕ್ಕೇರಿ, ಸುಮಾರು 71 ಡಿಗ್ರಿ ಅಕ್ಷಾಂಶವನ್ನು ಮುಟ್ಟಿ, ಅಲಾಸ್ಕಾದ ಕಡೆಯಿಂದ ಕೆಳಗಿಳಿಯುತ್ತದೆ. ಎರಡೂ ಊರುಗಳು ಹೆಚ್ಚುಕಡಿಮೆ ಎದುರುಬದುರು ರೇಖಾಂಶಗಳಲ್ಲಿರುವುದೇ ಇದಕ್ಕೆ ಕಾರಣ. ಉತ್ತರ ಧ್ರುವದ ನೆತ್ತಿಯ ಮೇಲೆಯೇ ಹಾದುಹೋದರೂ ಹೆಚ್ಚಾಗುವುದು 400 ಕಿ.ಮೀ.ಗಿಂತ ಕಡಿಮೆ ಎಂಬುದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

ಆದರೆ ವಿಮಾನವು ಗಾಳಿಯ ಅನುಕೂಲ ನೋಡಿಕೊಂಡು, ಎತ್ತರದ ಟಿಬೆಟ್ ಪ್ರಸ್ಥಭೂಮಿಯಂತಹ ಪ್ರದೇಶಗಳನ್ನು ತಪ್ಪಿಸಿ ಸುತ್ತಿಕೊಂಡು ಹೋಗುತ್ತದೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಮಹಿಳಾ ಪೈಲಟ್‌ಗಳೇ ಧ್ರುವಮಾರ್ಗವಾಗಿ ಬೆಂಗಳೂರಿಗೆ ತಂದ ಏರ್ ಇಂಡಿಯಾ ವಿಮಾನದ 16,000 ಕಿ.ಮೀ. ಎಂಬ ಲೆಕ್ಕ ಹೀಗೆ ಹಾರುವ ದಾರಿಯದು.

ಉತ್ತರ 2

ಹೊತ್ತಿನ ಬಗ್ಗೆ ಹೇಳುತ್ತೇನೆ. ನೇರ ವಿಮಾನವಾದರೆ ಹೋಗುವಾಗ ಸುಮಾರು 16 ಗಂಟೆ, ಬರುವಾಗ 17 ಗಂಟೆಗೂ ಮೇಲೆ ಎಂದು ಇಟ್ಟುಕೊಳ್ಳಿ; ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲ್ಗಾಳಿಯು ಹೋಗುವಾಗ ನೆರವಾಗುತ್ತದೆ. ಟಿಕೆಟ್‌ನಲ್ಲಿರುವ ವೇಳೆಗಳನ್ನು ಹಾಗೆಯೇ ಕಳೆದು ನೋಡಬೇಡಿ. ಏಪ್ರಿಲ್‌ನಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ, ಚಳಿಗಾಲದಲ್ಲಿ ಹದಿಮೂರೂವರೆ. ಮಧ್ಯಾಹ್ನ 2ಕ್ಕೆ ಹೊರಟವರು ಅದೇ ದಿನ ಸಂಜೆ 5.30ಕ್ಕೆ ಇಳಿದಂತೆ ಕಾಣುವುದು ಇದರಿಂದಲೇ.

ಉತ್ತರ 3

ಹಿಂದಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಮಾತ್ರೆ ಅಥವಾ ಇನ್ಸುಲಿನ್‌ನ ಹೊತ್ತನ್ನು ಎರಡು ಊರುಗಳ ಗಡಿಯಾರಗಳನ್ನು ನೋಡಿ ಗೊಂದಲಪಡುವುದಕ್ಕಿಂತ, ಹೊರಟು ಕಳೆದ ಗಂಟೆಗಳ ಪ್ರಕಾರ ವೈದ್ಯರಿಂದಲೇ ಬರೆಸಿಕೊಳ್ಳಿ. ಔಷಧವು ಕೈಚೀಲದಲ್ಲಿಯೇ ಇರಲಿ. ಕಾಲು ಊದುವ ತೊಂದರೆ ಇದ್ದರೆ ಫ್ರಾಂಕ್‌ಫರ್ಟ್ ಮಾರ್ಗವೂ ಒಳ್ಳೆಯದು: ಅಲ್ಲಿಗೆ ಸುಮಾರು 7,400, ಅಲ್ಲಿಂದ ಮುಂದೆ 9,150 ಕಿ.ಮೀ. ಒಟ್ಟು ದೂರ ಹೆಚ್ಚಾದರೂ ಪ್ರಯಾಣವು ಹತ್ತು ಮತ್ತು ಹನ್ನೊಂದೂವರೆ ಗಂಟೆಗಳ ಎರಡು ತುಂಡಾಗುತ್ತದೆ. ದುಬೈ ಮೂಲಕ ಹೋದರೆ ಮೊದಲ ತುಂಡು ನಾಲ್ಕು ಗಂಟೆಯದಾದರೂ ಎರಡನೆಯದು ಮತ್ತೆ ಹದಿನಾರು ಗಂಟೆಗಳಷ್ಟಾಗುವುದರಿಂದ ತಾಯಿಯವರಿಗೆ ಅದರಿಂದ ವಿಶ್ರಾಂತಿ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಫ್ರಾಂಕ್‌ಫರ್ಟ್‌ನಲ್ಲಿ ಮೂರು ಗಂಟೆ ಬಿಡುವಿರುವ ಟಿಕೆಟ್ಟನ್ನೇ, ಗಾಲಿಕುರ್ಚಿಯ ಕೋರಿಕೆಯೊಂದಿಗೆ ಕಾಯ್ದಿರಿಸುತ್ತೇನೆ.