ಬಸ್ಸು, ಒಲೆ, ಕಾಫಿ ಕಣ: ಯಾವ ಕೈಕೆಲಸ ಯಾವುದರ ಜೊತೆ ಹೊಂದುತ್ತದೆ?

ದಾರದುಂಡೆ (ಪ್ರಶ್ನೆ):
ದಿನಾ ವಿರಾಜಪೇಟೆ–ಮಡಿಕೇರಿ ಬಸ್ಸಿನ ಓಡಾಟ, ಎರಡು ಹೊತ್ತು ಅಡುಗೆ, ಕೊಯ್ಲಿನ ಕಾಲಕ್ಕೆ ಕಣ ಕಾಯುವುದು, ರಾತ್ರಿ ಧಾರಾವಾಹಿ. ಇದರ ನಡುವೆಯೇ ಮೂರು ಕೆಲಸ ಆಗಬೇಕು: ರೇಷ್ಮೆ ಸೀರೆಗೆ ಕುಚ್ಚು, 14 ಕೌಂಟ್ ಐಡಾ (ಚೌಕ ಮನೆಗಳಾಗಿ ನೇಯ್ದ) ಬಟ್ಟೆ ಮೇಲೆ ಕ್ರಾಸ್ ಸ್ಟಿಚ್, ಮೇಜಿನ ಬಟ್ಟೆಗೆ ಕ್ರೋಶಾ (ಕೊಕ್ಕೆ ಹೆಣಿಗೆ) ಅಂಚು. ಯಾವುದನ್ನು ಎಲ್ಲಿ ಹಿಡಿದರೆ ಕೆಡುವುದಿಲ್ಲ? ‘ಬೇರೆ ಸಮಯ ಮಾಡಿಕೊಳ್ಳಿ’ ಅನ್ನಬೇಡಿ, ಸಮಯ ಇಲ್ಲ.

ಮೂರ್ನಾಡು ಮೂಲೆ:
ಬಸ್ಸಿಗೆ ಕ್ರೋಶಾ ಒಂದೇ. ಆ ದಾರಿಯ ತಿರುವುಗಳಲ್ಲಿ ಸೂಜಿ ಹಿಡಿಯುವುದು ಅಪಾಯ, ಜೊತೆಗೆ ಹೊಲಿಗೆಗೆ ಕಣ್ಣು ನೆಟ್ಟರೆ ವಾಂತಿ ಬರುತ್ತದೆ: ಕಣ್ಣು ‘ಕೂತಿದ್ದೇನೆ’ ಅನ್ನುತ್ತದೆ, ಕಿವಿಯೊಳಗಿನ ಸಮತೋಲನ ‘ತಿರುಗುತ್ತಿದ್ದೇನೆ’ ಅನ್ನುತ್ತದೆ. ಆದ್ದರಿಂದ ನೋಡದೆ ಬೆರಳಿಗೇ ಗೊತ್ತಾಗುವ ಸಾಲು ಮಾತ್ರ ಬಸ್ಸಿನಲ್ಲಿ ಹಾಕಿ.

ಅಂಚನ್ನು ನೇರವಾಗಿ ಬಟ್ಟೆಗೆ ಹೆಣೆಯಬೇಡಿ, ಇಡೀ ಬಟ್ಟೆ ಹೊರಬೇಕಾಗುತ್ತದೆ. ಬೇರೆ ಪಟ್ಟಿಯಾಗಿ ಹೆಣೆದು ಕೊನೆಗೆ ಜೋಡಿಸಿ. 20 ನಂಬರ್ ದಾರಕ್ಕೆ 1.25 ಅಥವಾ 1.5 ಮಿ.ಮೀ. ಕೊಕ್ಕೆ ಸರಿ. ಮೊದಲ ಸರಪಳಿ ಸಾಲು ಮನೆಯಲ್ಲೇ ಎಣಿಸಿ ಮುಗಿಸಿ. ಅಲ್ಲಿ ಒಂದು ಕುಣಿಕೆ ತಪ್ಪಿದರೂ ಮೇಲಿನ ಸಾಲುಗಳು ಸೊಟ್ಟಗಾಗುತ್ತವೆ. ಹತ್ತು ವಿನ್ಯಾಸಕ್ಕೊಂದು ಬೇರೆ ಬಣ್ಣದ ದಾರದ ತುಂಡು ಕಟ್ಟಿಕೊಂಡರೆ ಬಸ್ಸಿನಲ್ಲಿ ಎಣಿಸಬೇಕಿಲ್ಲ. ಇಳಿಯುವಾಗ ಕೊನೆಯ ಕುಣಿಕೆಗೆ ಸೇಫ್ಟಿ ಪಿನ್ ಹಾಕಿ ಕೊಕ್ಕೆ ತೆಗೆಯಿರಿ. ಕೊಕ್ಕೆ ಹಾಗೇ ಬಿಟ್ಟರೆ ಚೀಲದಲ್ಲಿ ಜಾರಿ ಅರ್ಧ ಸಾಲು ಬಿಚ್ಚಿರುತ್ತದೆ.

ಎಳೆನೂಲು:
ಕುಚ್ಚನ್ನು ಎರಡು ಕೆಲಸ ಅಂತ ನೋಡಿ. ಕಟ್ಟುವುದು ಒಲೆ ಹೊತ್ತಿಗೆ ಸರಿ, ಸೀರೆಗೆ ಜೋಡಿಸುವುದು ಖಂಡಿತ ಬೇಡ.

ಸೆರಗಿನ ಅಗಲ ಸುಮಾರು 45 ಇಂಚು. ಅರ್ಧ ಇಂಚಿಗೊಂದರಂತೆ ಸುಮಾರು 90 ಕುಚ್ಚು ಬೇಕು. ಎರಡೂವರೆ ಇಂಚಿನ ಗಟ್ಟಿ ರಟ್ಟಿಗೆ ಕೃತಕ ರೇಷ್ಮೆ ದಾರವನ್ನು 40 ಸುತ್ತು ಸುತ್ತಿ, ಮೇಲೆ ಒಂದು ಎಳೆ ತೂರಿಸಿ ಗಂಟು ಹಾಕಿ, ಕೆಳಗೆ ಕತ್ತರಿಸಿ. ತಲೆಯಿಂದ ಕಾಲು ಇಂಚು ಕೆಳಗೆ ಜರಿ ದಾರ ಐದಾರು ಸುತ್ತು ಬಿಗಿದು, ತುದಿ ಸಮ ಮಾಡಿದರೆ ಎರಡು ಇಂಚಿನ ಕುಚ್ಚು. ಒಂದಕ್ಕೆ 5 ಮೀಟರ್ ದಾಟುತ್ತದೆ, ಒಟ್ಟು 460 ಮೀಟರ್ ಹತ್ತಿರ. ರೀಲುಗಳನ್ನು ಒಂದೇ ಸಲ ಕೊಳ್ಳಿ, ಆಮೇಲೆ ತಂದ ರೀಲಿನ ಬಣ್ಣ ಕೂಡುವುದಿಲ್ಲ. ಸುತ್ತುವಾಗ ಎಳೆದು ಬಿಗಿಯಬೇಡಿ: ರಟ್ಟು ಬಾಗುತ್ತದೆ, ಕುಚ್ಚು ಒಂದೊಂದು ಉದ್ದ ಆಗುತ್ತದೆ.

ಕಡಂಬುಟ್ಟು (ಅಕ್ಕಿ ಉಂಡೆ) ಬೇಯುವ ಇಪ್ಪತ್ತು ನಿಮಿಷದಲ್ಲಿ ನಾಲ್ಕೈದು ಕಟ್ಟಬಹುದು. ಆದರೆ ಒಲೆಯ ಪಕ್ಕದಲ್ಲಲ್ಲ, ಆ ಕೃತಕ ರೇಷ್ಮೆ ದಾರಕ್ಕೆ ಕಾಗದದಷ್ಟೇ ಬೇಗ ಬೆಂಕಿ ಹಿಡಿಯುತ್ತದೆ. ಪಂದಿಕರಿ ಹುರಿಯುವ ದಿನ ಕೈಗೆ ಎಣ್ಣೆ, ಮಸಾಲೆ, ಅಂದು ರಜೆ. ಹತ್ತಿ ಬಟ್ಟೆಗೆ ಅರಿಶಿನ ತಾಗಿ, ಸೋಪು ಹಾಕಿದಾಗ ಕೆಂಪಾದರೆ ಹೆದರಬೇಡಿ, ತೊಳೆದು ಬಿಸಿಲಿಗೆ ಹಾಕಿದರೆ ಮಾಸುತ್ತದೆ. ರೇಷ್ಮೆಗೆ ಆ ಉಪಾಯ ಬೇಡ, ಸೀರೆಯ ಬಣ್ಣವೂ ಹೋಗುತ್ತದೆ.

ಜೋಡಿಸುವ ಮೊದಲು ಸೆರಗಿನ ಅಂಚು ಮಡಚಿ ಹೊಲಿದಿರಲೇಬೇಕು. ಇಲ್ಲದಿದ್ದರೆ ಕುಚ್ಚಿನ ಭಾರಕ್ಕೆ ನೇಯ್ಗೆ ಬಿಡುತ್ತದೆ. ಇದಕ್ಕೆ ಮೇಜು, ಹಗಲು ಬೆಳಕು, ಒಂದು ಪೂರ್ತಿ ಭಾನುವಾರ ಬೇಕು. ಕ್ಷಮಿಸಿ, ಇಲ್ಲಿ ಸಮಯ ಎತ್ತಿಡಲೇಬೇಕು.

ಸೂಜಿಮೊನೆ:
ಉಳಿದದ್ದು ಕ್ರಾಸ್ ಸ್ಟಿಚ್. ಟೀವಿ ಮುಂದೆ ಮಾಡಬಹುದು ಅಂತ ಎಲ್ಲರೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. 14 ಕೌಂಟ್ ಅಂದರೆ ಇಂಚಿಗೆ 14 ಮನೆ. ಪರದೆ ನೋಡಿ ತಿರುಗುವಷ್ಟರಲ್ಲಿ ಒಂದು ಮನೆ ಜಾರಿದರೆ ಅದು ಗೊತ್ತಾಗುವುದು ಎರಡು ಇಂಚು ಹೊಲಿದ ಮೇಲೆ. ಎಣಿಕೆ ಹಗಲಲ್ಲಿ ಮಾಡಿ, ಪ್ರತಿ ಹತ್ತು ಮನೆಗೆ ಹೊಲಿಗೆ ದಾರದಲ್ಲಿ ಗೆರೆ ಓಡಿಸಿ. ಅಳಿಸುವ ಪೆನ್ನು ಬೇಡ, ಇಸ್ತ್ರಿ ತಾಗಿದರೆ ಆ ಗೆರೆ ಕೂತುಬಿಡಬಹುದು. ಪ್ರತಿ ಬಣ್ಣದ ಹೊರಗೆರೆ ಹಗಲಿಗೇ ಮುಗಿಸಿಟ್ಟರೆ ಒಳಗೆ ತುಂಬುವ ಕೆಲಸ ಮಾತ್ರ ರಾತ್ರಿಗೆ. ಅದಕ್ಕೂ ಧಾರಾವಾಹಿಗಿಂತ ಮಡಿಕೇರಿ ಆಕಾಶವಾಣಿ ಮೇಲು. ಕಸೂತಿ ದಾರದ ಆರು ಎಳೆಯಲ್ಲಿ ಎರಡೇ ಬಳಸಿ, ಸೂಜಿ ಟೇಪೆಸ್ಟ್ರಿ (ಮೊಂಡು ಮೊನೆಯದು) 24, ದಾರ 45 ಸೆಂ.ಮೀ. ದಾಟಿದರೆ ಸಿಕ್ಕಾಗುತ್ತದೆ.

ಕಣದಲ್ಲಿ ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ) ಆಗಾಗ ಕೆದಕಬೇಕಲ್ಲ, ಆ ಬಿಡುವು ಎಣಿಕೆಗೆ ಸರಿ. ನೆರಳಲ್ಲಿ ಕೂತು, ಬೆಳಕು ಎಡಗಡೆಯಿಂದ ಬರಲಿ (ಬಲಗೈಯವರಿಗೆ). ಬಿಸಿಲಲ್ಲಿ ಬಿಳಿ ಐಡಾದ ತೂತು ಕಾಣಿಸುವುದೇ ಇಲ್ಲ.

ದಾರದುಂಡೆ:
ಕಾಫಿ ಕೊಯ್ದ ಕೈ ಒರಟು, ರೇಷ್ಮೆ ದಾರ ಸಿಕ್ಕಿ ಎಳೆ ಏಳುತ್ತದೆ. ಮಳೆಗಾಲದಲ್ಲಿ ಸೂಜಿಯ ಗತಿ?

ಎಳೆನೂಲು:
ಒಂದು ಚಮಚ ಸಕ್ಕರೆಗೆ ಅರ್ಧ ಚಮಚ ತೆಂಗಿನೆಣ್ಣೆ, ಎರಡು ನಿಮಿಷ ಉಜ್ಜಿ, ಸೋಪಿನಲ್ಲಿ ಪೂರ್ತಿ ತೊಳೆದು ಒರೆಸಿ. ಎಣ್ಣೆ ಉಳಿದರೆ ದಾರಕ್ಕೆ ಕಲೆ.

ಸೂಜಿಮೊನೆ:
ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿಟ್ಟು ಮಲಗಬೇಡಿ, ತುಕ್ಕಿನ ಚುಕ್ಕೆ ಸುಲಭಕ್ಕೆ ಹೋಗುವುದಿಲ್ಲ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಬಟ್ಟೆ ಬಿಗಿಯುವ ರಿಂಗನ್ನೂ ಪ್ರತಿ ರಾತ್ರಿ ಬಿಚ್ಚಿ, ಅದರ ತಿರುಪೂ ತುಕ್ಕು ಹಿಡಿಯುವಂಥದ್ದೇ.