ಸಹಾಯ ಬೇಕು: ಲ್ಯಾನ್ ಕೇಬಲ್ ಹಾಕಿದರೂ ಸ್ಪೀಡ್ 94 ಎಂಬಿಪಿಎಸ್ ದಾಟ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿರೋದು 200 ಎಂಬಿಪಿಎಸ್ ಫೈಬರ್. ರೂಟರ್ ಪಕ್ಕದಲ್ಲೇ ನಿಂತು 5 ಗಿಗಾಹರ್ಟ್ಸ್ ವೈಫೈನಲ್ಲಿ ನೋಡಿದರೆ 190ರ ಹತ್ತಿರ ಬರುತ್ತೆ, ಅಂದರೆ ಲೈನ್ ಸರಿಯಿದೆ. ತೊಂದರೆ ಮಹಡಿ ರೂಮಿನದು. ಅಲ್ಲಿಗೆ ಗೋಡೆಯೊಳಗಿನ ಪೈಪಿನಲ್ಲಿ ಎಳೆದಿರೋ ಹಳೇ ಲ್ಯಾನ್ ಕೇಬಲ್ ಇದೆ. ಅದನ್ನ ಲ್ಯಾಪ್‌ಟಾಪಿಗೆ ಹಾಕಿದರೆ ಹಗಲಾಗಲಿ ರಾತ್ರಿಯಾಗಲಿ 94ಕ್ಕೇ ನಿಂತುಬಿಡುತ್ತೆ. ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ 100 ಅಂತ ತೋರಿಸುತ್ತೆ. ರೂಟರ್, ಲ್ಯಾಪ್‌ಟಾಪ್ ಎರಡರದ್ದೂ ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್. ಬೇರೆ ಚಿಕ್ಕ ಕೇಬಲ್‌ನಲ್ಲಿ 1000 ಅಂತಲೇ ಬರುತ್ತೆ. ಹಾಗಾಗಿ ಅನುಮಾನ ಗೋಡೆ ಕೇಬಲ್ ಮೇಲೇ.

ಗಿಗಾಬಿಟ್‌ಗೆ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕೇ ಸಾಕು ಅಂತ ಗೊತ್ತು. ಕನೆಕ್ಟರನ್ನ ಬೆಳಕಿಗೆ ಹಿಡಿದು ನೋಡಿದೆ: ಒಂದು ಕಡೆ ಕಂದು ತಂತಿ ತುದಿತನಕ ಮುಟ್ಟಿದ ಹಾಗೆ ಕಾಣಲ್ಲ. ಕೇಬಲ್ ಮೇಲೆ ಕ್ಯಾಟ್ 5ಇ ಅಂತ ಅಚ್ಚಾಗಿದೆ, ಅಂದರೆ ಗಿಗಾಬಿಟ್‌ಗೆ ಸಾಕಾಗೋ ಕೇಬಲ್ಲೇ.

ಆ ತುದಿ ಮಾತ್ರ ಕತ್ತರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿದರೆ (ಒತ್ತಿ ಕೂರಿಸಿದರೆ) ಸಾಕಾ, ಎರಡೂ ಕಡೆ ಮಾಡಬೇಕಾ? ಕ್ರಿಂಪಿಂಗ್ ಟೂಲ್ ಜೊತೆ ಎಂಟೂ ತಂತಿ ಸರಿಯಾಗಿ ಸೇರಿವೆಯಾ ಅಂತ ನೋಡೋ ಕೇಬಲ್ ಟೆಸ್ಟರೂ ಬೇಕೇ ಬೇಕಾ? (ಮೆಶ್, ಅಂದರೆ ಮನೆಯ ಹಲವು ಕಡೆ ಒಟ್ಟಿಗೆ ಕೆಲಸ ಮಾಡೋ ವೈಫೈ ಪೆಟ್ಟಿಗೆಗಳನ್ನ ಹಾಕಿಸಿ ಅನ್ನಬೇಡಿ, ಕೇಬಲ್ ಇರುವಾಗ ಅದ್ಯಾಕೆ!) ಕ್ರಿಂಪ್ ಮಾಡಿಯೂ ಸರಿಹೋಗದಿದ್ದರೆ, ಹಳೇ ಕೇಬಲ್ಲಿಗೇ ಹೊಸದನ್ನ ಕಟ್ಟಿ ಪೈಪಿನಲ್ಲಿ ಎಳೆದವರು ಯಾರಾದರೂ ಇದ್ದರೆ ಹೇಗೆ ಮಾಡಿದಿರಿ ತಿಳಿಸಿ.