ಪದಚರ್ಚೆ: ಕೆಥೊಲಿಕ್ ಶಾಲೆಯ ‘ಚಾಪ್ಲೆನ್’ಗೆ ಕನ್ನಡದಲ್ಲಿ ಏನನ್ನುವುದು?

ಬರ್ಮಿಂಗ್‌ಹ್ಯಾಮಿನಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟಿದೆ. ಇಲ್ಲಿನ ಒಂದು ಕೆಥೊಲಿಕ್ ಸೆಕೆಂಡರಿ ಶಾಲೆ ಹೊಸ ಮಕ್ಕಳ ಮನೆಯವರಿಗೆ ಒಂದು ಪುಟದ ಪರಿಚಯ ಪತ್ರ ಕೊಡುತ್ತದೆ. ಮಲಯಾಳ, ಪೋಲಿಷ್‌ನಲ್ಲಿ ಆಗಲೇ ಇದೆ. ಈ ಸಲ ನಮ್ಮ ಕಡೆಯ ನರ್ಸುಗಳ ಮಕ್ಕಳೂ ಸೇರುತ್ತಿದ್ದಾರೆ, ಕನ್ನಡದಲ್ಲೂ ಬೇಕಂತೆ. ಕೆಲಸ ನನ್ನ ತಲೆಗೆ ಬಂದಿದೆ. ಶುಕ್ರವಾರ ಮುದ್ರಣಕ್ಕೆ ಹೋಗುತ್ತದೆ.

ತೊಡಕು ಇರುವುದು ‘ಚಾಪ್ಲೆನ್’ನಲ್ಲಿ. ಈ ಶಾಲೆಯ ಚಾಪ್ಲೆನ್ ಪಾದ್ರಿಯಲ್ಲ, ಸಿಸ್ಟರೂ ಅಲ್ಲ. ಮದುವೆಯಾಗಿ ಮಕ್ಕಳಿರುವ ಹೆಂಗಸು. ಬೆಳಗಿನ ಪ್ರಾರ್ಥನೆ ಹೊಂದಿಸುತ್ತಾರೆ. ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಬಡವರಿಗೆಂದು ಮಕ್ಕಳಿಂದ ಹಣ ಕೂಡಿಸುತ್ತಾರೆ. ಅಕ್ಟೋಬರಿನಲ್ಲಿ ಜಪಸರ ಹೇಳಿಸುತ್ತಾರೆ. ಮನೆಯವರೊಬ್ಬರನ್ನು ಕಳೆದುಕೊಂಡ ಹುಡುಗ ಬಂದರೆ ಅವನ ಜೊತೆ ಕೂರುತ್ತಾರೆ. ಬಲಿಪೂಜೆಗೂ (ಮಾಸ್) ಪಾಪನಿವೇದನೆಗೂ ಮಾತ್ರ ಹತ್ತಿರದ ಚರ್ಚಿನ ಫಾದರ್ ಬರುತ್ತಾರೆ. ಚಾಪ್ಲೆನ್ ಕೋಣೆಯ ಬಾಗಿಲಿಗೆ ಬೋರ್ಡೂ ಆಗಬೇಕು.

ಇನ್ನೊಂದು: ‘ಶಾಲೆಯ ವಿಶ್ವಾಸ ಜೀವನ’ ಎಂದು ತಲೆಬರಹ ಹಾಕಿದ್ದೇನೆ. ಸರಿಯೇ?

ಮೈಸೂರಿನಿಂದ:

ಧರ್ಮಗುರು. ಸೇನೆಯಲ್ಲೂ ಅದೇ ಹೆಸರು. ಇದಕ್ಕೆ ಚರ್ಚೆ ಯಾಕೆ?

ಮಂಗಳೂರಿನಿಂದ:

ಯಾಕೆಂದರೆ ಅದು ತಪ್ಪು. ಸೇನೆಯ ‘ಧರ್ಮಗುರು’ ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ ಎಲ್ಲರಿಗೂ ಒಂದೇ ಹೊದಿಕೆ. ಕೆಥೊಲಿಕ್ ಮನೆಯಲ್ಲಿ ಹಾಗಲ್ಲ. ಅಲ್ಲಿ ಧರ್ಮಗುರು ಎಂದರೆ ಗುರುದೀಕ್ಷೆ ಆದವರು, ಪೂಜೆ ಮಾಡಬಲ್ಲವರು. ಒಬ್ಬ ಹೆಂಗಸಿಗೆ ಆ ಪದ ಹಾಕಿ ಪತ್ರ ಕಳಿಸಿದರೆ ಓದಿದ ತಾಯಿ ಮೊದಲು ಶಾಲೆಗೇ ಫೋನ್ ಮಾಡುತ್ತಾಳೆ.

ಗೊಂದಲ ನಮ್ಮ ಭಾಷೆಯದ್ದಷ್ಟೇ ಅಲ್ಲ. ಕೆಥೊಲಿಕ್ ಧರ್ಮಸಭೆಯ, ಅಂದರೆ ಚರ್ಚಿನ, 1983ರ ಕಾನೂನು ಸಂಹಿತೆಯ 564ನೇ ಕಟ್ಟಳೆಯ ಪ್ರಕಾರ ಚಾಪ್ಲೆನ್ ಎಂದರೆ ಗುರುವೇ. ಒಂದು ಸಮುದಾಯದ ಅಥವಾ ಗುಂಪಿನ ಪಾಲನೆಯನ್ನು ಕಾಯಂ ಆಗಿ ವಹಿಸಿಕೊಂಡ ಗುರು. ಆದರೆ ಇಂಗ್ಲೆಂಡ್, ಐರ್ಲೆಂಡಿನ ಶಾಲೆಗಳಲ್ಲಿ ದೀಕ್ಷೆ ಇಲ್ಲದವರನ್ನೂ ಹಾಗೇ ಕರೆಯುತ್ತಾರೆ. ಐರ್ಲೆಂಡಿನ ಕಮ್ಯೂನಿಟಿ ಶಾಲೆಗಳಲ್ಲಿ ಅವರಿಗೆ ಸರ್ಕಾರವೇ ಸಂಬಳ ಕೊಡುತ್ತದೆ. ಅದು ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂಬ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1998ರಲ್ಲಿ ಕೋರ್ಟು ಒಪ್ಪುತ್ತದೆ ಎಂದಿತು. ಅಂದರೆ ಅಲ್ಲಿ ಅದೊಂದು ನೌಕರಿ. ಪದ ಹಳೆಯದು, ಕೆಲಸ ಹೊಸದು.

ನಮ್ಮಲ್ಲಿ ಪದ ಇಲ್ಲದಿರುವುದಕ್ಕೆ ಕಾರಣ ಸುಲಭ. ಹುದ್ದೆಯೇ ಇಲ್ಲ. ಇಲ್ಲಿನ ಕೆಥೊಲಿಕ್ ಹೈಸ್ಕೂಲುಗಳಲ್ಲಿ ಫಾದರ್ ಸಂಚಾಲಕರು. ಸಿಸ್ಟರೊಬ್ಬರು ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ ಕಲಿಸುವಾಗ ಉಳಿದವರು ಪಕ್ಕದ ಕೋಣೆಯಲ್ಲಿ ನೀತಿಪಾಠ ಕೇಳುತ್ತಾರೆ. ವೈ.ಸಿ.ಎಸ್. (ಕ್ರೈಸ್ತ ವಿದ್ಯಾರ್ಥಿಗಳ ಸಂಘ) ಇದ್ದ ಕಡೆ ಅದಕ್ಕೊಬ್ಬ ನಿರ್ದೇಶಕರು. ಅತ್ತು ಬಂದ ಹುಡುಗನ ಜೊತೆ ಕೂರುವ ಕೆಲಸ ಯಾರ ಪಾಲಿಗೂ ಇಲ್ಲ, ಅಥವಾ ಪಿ.ಟಿ. ಮೇಷ್ಟ್ರ ಪಾಲಿಗಿದೆ.

ಧಾರವಾಡದಿಂದ:

ಮೂಲ ನೋಡಿದರೆ ದಾರಿ ತಾನೇ ತೆರೆಯುತ್ತದೆ. ಸಂತ ಮಾರ್ಟಿನ್ ಅಮಿಯೆನ್ಸ್ ಊರಿನ ಬಾಗಿಲಲ್ಲಿ ತನ್ನ ಮೇಲುಹೊದಿಕೆ ಸೀಳಿ ಅರ್ಧ ಭಿಕ್ಷುಕನಿಗೆ ಕೊಟ್ಟ ಕತೆ ಗೊತ್ತಲ್ಲ. ಆ ಹೊದಿಕೆ ಲ್ಯಾಟಿನ್‌ನಲ್ಲಿ ‘ಕಪ್ಪೆಲ್ಲ’. ಅದನ್ನಿಟ್ಟ ಜಾಗವೂ ಕಪ್ಪೆಲ್ಲ ಆಯಿತು, ಕಾಯುವವನು ‘ಕಪ್ಪೆಲ್ಲಾನುಸ್’. ಇದೇ ಪೋರ್ಚುಗೀಸರ ಬಾಯಲ್ಲಿ ‘ಕಪೇಲ’, ಕೊಂಕಣಿಯಲ್ಲಿ ‘ಕೊಪೆಲ್’. ಈಗ ನಮ್ಮ ‘ಕಪ್ಪಡ’ ನೋಡಿ. ಬಟ್ಟೆ! ಕಪ್ಪ, ಕಪ್ಪಡ, ಕಪ್ಪೆಲ್ಲ ಒಂದೇ ಬೇರು. ‘ಕಪ್ಪಡಿಗ’ ಎಂದರೆ ಹೇಗೆ? ಹೊದಿಸಿ ಕಾಯುವವನು.

ಮಂಗಳೂರಿನಿಂದ:

ಕೊಪೆಲ್‌ವರೆಗೆ ಸರಿ. ಕಪ್ಪಡ ಸಂಸ್ಕೃತದ ‘ಕರ್ಪಟ’ದಿಂದ ಬಂದದ್ದು, ಲ್ಯಾಟಿನ್ನಿಗೂ ಅದಕ್ಕೂ ಏನೂ ಇಲ್ಲ. ಸದ್ದು ಹೋಲಿದರೆ ನೆಂಟಸ್ತಿಕೆ ಆಗುವುದಾದರೆ ಕಪ್ಪೆಯನ್ನೂ ಸೇರಿಸಿಕೊಳ್ಳಿ.

ಶಿವಮೊಗ್ಗದಿಂದ:

ಲ್ಯಾಟಿನ್ ಬೇಡ, ಸಂಸ್ಕೃತವೂ ಬೇಡ. ‘ಲೆಕ್ಕಿಗ’ದಂತೆ ‘ನೆರವಿಗ’, ಹೆಣ್ಣಾದರೆ ‘ನೆರವಿಗಿತ್ತಿ’. ಪೂರ್ತಿ ಬೇಕಾದರೆ ‘ನಂಬುಗೆಯ ನೆರವಿಗಿತ್ತಿ’. ‘ಚಾಪ್ಲೆನ್ ಗುರು’, ‘ಶಾಲಾ ಚಾಪ್ಲೆನ್’ ಇವೆಲ್ಲ ಅರಿಸಮಾಸ.

ಮೈಸೂರಿನಿಂದ:

ಅರಿಸಮಾಸ ಸಂಸ್ಕೃತಕ್ಕೂ ಕನ್ನಡಕ್ಕೂ ಇರುವ ಜಗಳ. ಇಂಗ್ಲಿಷಿನ ಮಾತು ಕೇಶಿರಾಜನಿಗೆ ಎಲ್ಲಿಂದ ಬರಬೇಕು? ಬಿರುದುಗಳಲ್ಲಿ ಅದು ಸಲ್ಲುತ್ತದೆ ಎಂದು ಅವನೇ ಬಿಟ್ಟುಕೊಟ್ಟಿದ್ದಾನೆ. ಹುದ್ದೆಯ ಹೆಸರನ್ನು ಬಿರುದು ಅಂದುಕೊಳ್ಳಿ, ಮುಗಿಯಿತು. ‘ನೆರವಿಗಿತ್ತಿ’ ಎಂದು ಬೋರ್ಡ್ ಹಾಕಿದರೆ ಸೂಲಗಿತ್ತಿ ಇರಬೇಕು ಅಂದುಕೊಳ್ಳುತ್ತಾರೆ.

ಶಿವಮೊಗ್ಗದಿಂದ:

ನಗುವುದು ಸುಲಭ. ಬಳಸದೆ ಯಾವ ಪದ ಬಳಕೆಗೆ ಬಂದಿದೆ?

ಬೆಂಗಳೂರಿನಿಂದ:

ಬಳಕೆಯ ಮಾತು ಬಂತಲ್ಲ, ಹಾಗಾದರೆ ಹೇಳುತ್ತೇನೆ. ಪೂಜೆ ಲ್ಯಾಟಿನ್‌ನಲ್ಲೇ ನಡೆಯುತ್ತಿತ್ತು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಸಭೆಯ ಮೇಲೆ ಜನರ ಭಾಷೆಗೆ ಬಾಗಿಲು ತೆರೆಯಿತು. ಬಲಿಪೂಜೆ, ಪರಮಪ್ರಸಾದ, ಧರ್ಮಾಧ್ಯಕ್ಷ, ಧರ್ಮಕೇಂದ್ರ ಎಲ್ಲ ಇವತ್ತು ಅಜ್ಜಿಯರ ಬಾಯಲ್ಲೂ ಸಲೀಸು. ಎಲ್ಲವೂ ಸಂಸ್ಕೃತ, ಆದರೂ ನಮ್ಮವೇ. ಪಾದ್ರಿ, ಇಗರ್ಜಿ ಪೋರ್ಚುಗೀಸ್, ಅವೂ ನಮ್ಮವೇ. ಚಾವಿ, ಅಲಮಾರು ಎನ್ನುವಾಗ ಯಾರಿಗೆ ನಾಚಿಕೆ? ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡದ ಪೂಜೆಗಾಗಿ ಜನ ಬೀದಿಗೆ ಇಳಿದಾಗ ಯಾವ ಪದ ಅಚ್ಚಗನ್ನಡ ಎಂದು ಯಾರೂ ಕೇಳಲಿಲ್ಲ. ಪೂಜೆ ಕನ್ನಡದಲ್ಲಿ ಇದೆಯೋ ಇಲ್ಲವೋ ಎಂದು ಕೇಳಿದರು.

ಕೇಳಿದ್ದಕ್ಕೆ ಉತ್ತರ: ‘ವಿಶ್ವಾಸ ಜೀವನ’ ತೆಗೆಯಿರಿ. ಕೆಥೊಲಿಕರಿಗೆ ಅರ್ಥವಾಗುತ್ತದೆ. ಉಳಿದವರಿಗೆ ವಿಶ್ವಾಸ ಎಂದರೆ ಪ್ರೀತಿ, ‘ವಿಶ್ವಾಸವಿರಲಿ’ ಅಂತೀವಲ್ಲ, ಅದು. ಆ ಶಾಲೆಗೆ ಹಿಂದೂ ಮಕ್ಕಳೂ ಬರುತ್ತಾರೆ ತಾನೇ? ‘ಶಾಲೆಯಲ್ಲಿ ಪ್ರಾರ್ಥನೆ ಮತ್ತು ಸೇವೆ’ ಸಾಕು. ಇಂಗ್ಲೆಂಡಿನ ಕಾನೂನಿನಲ್ಲಿ ಸಾಮೂಹಿಕ ಪ್ರಾರ್ಥನೆಯಿಂದಲೂ ಧರ್ಮಪಾಠದಿಂದಲೂ ಮಗುವನ್ನು ಹೊರಗಿಡಿ ಎಂದು ಕೇಳುವ ಹಕ್ಕು ತಂದೆತಾಯಿಗೆ ಇದೆ. ಅದನ್ನು ಇದೇ ಪುಟದಲ್ಲಿ ಬರೆಯಿರಿ. ಕೆಥೊಲಿಕ್ ಶಾಲೆಯಲ್ಲಿ ಧರ್ಮಪಾಠಕ್ಕೆ ಪಾಠದ ಹೊತ್ತಿನ ಹತ್ತನೇ ಒಂದು ಪಾಲು ಇಡಬೇಕೆಂದು ಅಲ್ಲಿನ ಬಿಷಪ್ಪರ ನಿಯಮ. ಮನೆಯವರಿಗೆ ಇದೂ ಮೊದಲೇ ಗೊತ್ತಿರಲಿ. ಪದಕ್ಕಿಂತ ಅವರಿಗೆ ಬೇಕಾದ್ದು ಇದು.

ಧಾರವಾಡದಿಂದ:

ಬೋರ್ಡಿನ ಮೇಲೆ ‘ಚಾಪ್ಲಿನ್’ ಎಂದು ಮಾತ್ರ ಹಾಕಬೇಡಿ. ಮೀಸೆ, ದೊಣ್ಣೆ ನೆನಪಾಗುತ್ತದೆ. ಅಂದ ಹಾಗೆ ಆ ಮನೆತನದ ಹೆಸರೂ ಇದೇ ಪದದಿಂದ ಬಂದದ್ದು.

ಬರ್ಮಿಂಗ್‌ಹ್ಯಾಮಿನಿಂದ:

ಎಲ್ಲರಿಗೂ ಥ್ಯಾಂಕ್ಸ್. ಪತ್ರದಲ್ಲಿ ಹೀಗೆ ಹಾಕುತ್ತಿದ್ದೇನೆ: ‘ಶಾಲೆಯ ಚಾಪ್ಲೆನ್: ಮಕ್ಕಳ ಪ್ರಾರ್ಥನೆ, ಕಷ್ಟಸುಖ ನೋಡಿಕೊಳ್ಳುವವರು. ಇವರು ಪಾದ್ರಿಯಲ್ಲ. ಯಾವ ಧರ್ಮದ ಮಕ್ಕಳೂ ಇವರ ಹತ್ತಿರ ಹೋಗಬಹುದು.’ ಬಾಗಿಲಿಗೆ: ‘ಚಾಪ್ಲೆನ್ ಕೋಣೆ. ಊಟದ ಬಿಡುವಿನಲ್ಲಿ ಬನ್ನಿ.’ ಹಕ್ಕಿನ ಮಾತನ್ನೂ ಸೇರಿಸಿದ್ದೇನೆ.

ಶಿವಮೊಗ್ಗದಿಂದ:

ಅಂದರೆ ಎರಡು ದಿನ ಚರ್ಚಿಸಿ ಇಂಗ್ಲಿಷ್ ಪದವನ್ನೇ ಇಟ್ಟುಕೊಂಡಿರಿ. ‘ಕಷ್ಟಸುಖ’ವೂ ಸಂಸ್ಕೃತ, ಗೊತ್ತಿರಲಿ.

ಮೈಸೂರಿನಿಂದ:

ಗೊತ್ತಿದೆ. ‘ಚರ್ಚಿಸಿ’ ಕೂಡ.